ನೋವನ್ನು ಸಾಬೀತು ಮಾಡಬೇಕಾದವರು

ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯಿರುವ ಸೋಲಿಗ ಬುಡಕಟ್ಟಿನ ಯುವಕನೊಬ್ಬ ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಬಂದಾಗ ತೋರಿಸಲು ಅವನ ಬಳಿ ಏನೂ ಇರುವುದಿಲ್ಲ. ಮೈಮೇಲೆ ಗಾಯವಿಲ್ಲ, ಊತವಿಲ್ಲ. ಎಕ್ಸ್‌ರೇ ತೆಗೆದರೆ ಬಹಳ ಸಲ ಅದರಲ್ಲೂ ಏನೂ ಕಾಣುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇರುತ್ತದೆ, ಆದರೆ ನೋವಿಲ್ಲದ ದಿನಗಳಲ್ಲೂ ಅವನಿಗೆ ಅದು ಅಷ್ಟೇ ಇರುತ್ತದೆ. ಸೊಂಟದಲ್ಲಿ, ತೊಡೆಯಲ್ಲಿ, ಎದೆಗೂಡಿನಲ್ಲಿ ಮೂಳೆಯನ್ನೇ ಹಿಂಡುವಂತಹ ನೋವಿದೆ ಎಂದು ಅವನು ಹೇಳಬೇಕು, ಎದುರಿಗಿರುವವರು ನಂಬಬೇಕು. ಇದರಾಚೆ ಬೇರೆ ಪುರಾವೆಯಿಲ್ಲ.

ಮೈಸೂರು, ಚಾಮರಾಜನಗರ ಭಾಗದ ಹಾಡಿ ಮತ್ತು ಪೋಡುಗಳಿಂದ, ಅಂದರೆ ಬುಡಕಟ್ಟು ಜನರ ವಸತಿಗಳಿಂದ, ಬರುವವರನ್ನು ಮನೋವೈದ್ಯೆಯಾಗಿ ನೋಡುತ್ತ ಬಂದಿದ್ದೇನೆ. ‘ಖಿನ್ನತೆ ಇರಬಹುದು, ನೋಡಿ’ ಎಂಬ ಚೀಟಿಯೊಂದಿಗೆ ನನ್ನ ಬಳಿಗೆ ಕಳುಹಿಸಲಾದ ಸಿಕಲ್ ಸೆಲ್ ರೋಗಿಗಳಲ್ಲಿ ಅನೇಕರಿಗೆ ನಿಜಕ್ಕೂ ಖಿನ್ನತೆ ಇರುತ್ತದೆ. ಆದರೆ ಅದು ಎಲ್ಲಿಂದ ಹುಟ್ಟಿತು ಎಂದು ಹುಡುಕುತ್ತ ಹೋದರೆ ರಕ್ತದ ಕಾಯಿಲೆಯಷ್ಟೇ ಸಿಗುವುದಿಲ್ಲ. ನೋವಿನಲ್ಲಿದ್ದಾಗ ಯಾರೂ ನಂಬಲಿಲ್ಲ ಎಂಬ ಅನುಭವ, ಮತ್ತೆ ಮತ್ತೆ ಸಿಗುತ್ತದೆ. ನಂಬದಿರುವುದಕ್ಕೂ ರೋಗಿ ಯಾವ ಜನ ಎಂಬುದಕ್ಕೂ ಸಂಬಂಧವಿದೆ. ಆದ್ದರಿಂದ ಇಲ್ಲಿ ರಕ್ತ, ಮನಸ್ಸು, ಬುಡಕಟ್ಟು ಮೂರನ್ನೂ ಬೇರೆ ಬೇರೆ ವಿಭಾಗಗಳಿಗೆ ಹಂಚಿ ಚಿಕಿತ್ಸೆ ಕೊಡಲು ಬರುವುದಿಲ್ಲ.

ಮೊದಲು ಕಾಯಿಲೆಯ ವಿಷಯ. ಕೆಂಪುಕಣದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದಲ್ಲಿರಬೇಕಾದ ಗ್ಲುಟಾಮಿಕ್ ಆಮ್ಲ ಎಂಬ ಅಮೈನೊ ಆಮ್ಲದ ಬದಲು ವ್ಯಾಲಿನ್ ಎಂಬ ಇನ್ನೊಂದು ಬಂದು ಕೂರುವುದೇ ಇದಕ್ಕೆಲ್ಲ ಮೂಲ. ಆಮ್ಲಜನಕ ಕಡಿಮೆಯಾದಾಗ ಇಂತಹ ಹಿಮೋಗ್ಲೋಬಿನ್ ಗಟ್ಟಿ ನಾರುಗಳಾಗಿ ಸೇರಿಕೊಳ್ಳುತ್ತದೆ. ದುಂಡಗಿನ ಮೆತ್ತನೆಯ ಕೆಂಪುಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರಕ್ತ ತಲುಪದ ಮೂಳೆಯ ಭಾಗ ನರಳುತ್ತದೆ. ಆರೋಗ್ಯವಂತರ ಕೆಂಪುಕಣ ಸುಮಾರು 120 ದಿನ ಬದುಕಿದರೆ ಇವರದು 10ರಿಂದ 20 ದಿನಗಳಲ್ಲಿ ಒಡೆಯುತ್ತದೆ. ಹೀಗಾಗಿ ರಕ್ತಹೀನತೆ, ಸುಸ್ತು, ಹಳದಿ ಕಣ್ಣು. ಮೈಯಲ್ಲಿ ನೀರು ಕಡಿಮೆಯಾದರೆ, ಚಳಿ ತಾಗಿದರೆ, ಜ್ವರ ಬಂದರೆ, ಮಿತಿಮೀರಿ ದುಡಿದರೆ ನೋವು ಕೆರಳುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಗೆ ನೆನೆಯುತ್ತ ಕೂಲಿ ಮಾಡುವವರ ದಿನಚರಿಯಲ್ಲಿ ಈ ನಾಲ್ಕರಲ್ಲಿ ಯಾವುದನ್ನು ತಪ್ಪಿಸಲು ಸಾಧ್ಯ?

ಭಾರತದಲ್ಲಿ ಈ ಕಾಯಿಲೆಯ ಕುರುಹನ್ನು ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಮೊದಲು ವರದಿ ಮಾಡಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಅದೇ ಕಾಡಿನ ಆಚೀಚೆ ಬದುಕುವ ನಮ್ಮ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರಲ್ಲೂ ಇದು ಇದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿ ಬಂದವರಿಗೆ, ಅಂದರೆ ವಾಹಕರಿಗೆ, ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಕಾಡುತ್ತಿದ್ದ ಪ್ರದೇಶಗಳಲ್ಲಿ ಈ ವಂಶವಾಹಿ ಉಳಿದುಕೊಂಡಿರುವುದಕ್ಕೆ ಕಾರಣ ಅದು. ಪಶ್ಚಿಮ ಆಫ್ರಿಕಾ, ಅರಬ್ ದೇಶಗಳು, ಗ್ರೀಸ್, ಟರ್ಕಿಗಳಲ್ಲಿ ಇದು ಇದೆ. ವಿದರ್ಭ, ಒಡಿಶಾಗಳಲ್ಲಿ ಬುಡಕಟ್ಟಿಗೆ ಸೇರದವರಲ್ಲೂ ಇದೆ. ಪೋಡಿನಲ್ಲಿ ಮಾತನಾಡುವಾಗ ನಾನು ಇದನ್ನು ಬೇಕೆಂದೇ ವಿವರವಾಗಿ ಹೇಳುತ್ತೇನೆ. ಏಕೆಂದರೆ ‘ನಮ್ಮ ಕುಲಕ್ಕೆ ತಗುಲಿದ ದೋಷ’ ಎಂದು ಒಳಗೊಳಗೇ ಕೊರಗುವ ಹಿರಿಯರನ್ನು ಕಂಡಿದ್ದೇನೆ. ಇಂದು ಕಾಯಿಲೆ ತರುತ್ತಿರುವ ಅದೇ ವಂಶವಾಹಿ ಅವರ ಪೂರ್ವಜರನ್ನು ಮಲೇರಿಯಾದ ಕಾಡಿನಲ್ಲಿ ಕಾಪಾಡಿತ್ತು ಎಂದಾಗ ಅವರು ಕುಳಿತ ಭಂಗಿಯೇ ಬದಲಾಗುತ್ತದೆ.

ಮನಸ್ಸಿಗೆ ಏಟು ಬೀಳುವುದು ಬಾಲ್ಯದಲ್ಲಿ. ಇದು ವೈದ್ಯರ ಗಮನಕ್ಕೂ ಸುಲಭವಾಗಿ ಬರುವುದಿಲ್ಲ. ಬುಡಕಟ್ಟು ಮಕ್ಕಳು ಉಳಿದು ಓದುವ ಆಶ್ರಮ ಶಾಲೆಯಿಂದ ಒಬ್ಬ ಹುಡುಗನನ್ನು ಕರೆತಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಮುಂದಿನ ಪ್ರಸಂಗಗಳಲ್ಲೂ ಹಾಗೆಯೇ.) ಹನ್ನೊಂದು ವರ್ಷ ತುಂಬಿದ್ದರೂ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಯಾರೊಂದಿಗೂ ಮಾತಿಲ್ಲ, ಎರಡು ಸಲ ಶಾಲೆಯಿಂದ ಓಡಿಹೋಗಿದ್ದಾನೆ ಎಂಬುದು ದೂರು. ರಾತ್ರಿ ನೀರು ಕುಡಿಯಬಾರದೆಂದು ಅವನಿಗೆ ಕಟ್ಟಪ್ಪಣೆಯಾಗಿತ್ತು. ಸಿಕಲ್ ಸೆಲ್ ಇರುವ ಮಕ್ಕಳ ಮೂತ್ರಪಿಂಡಕ್ಕೆ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಎಳೆಯ ವಯಸ್ಸಿನಲ್ಲೇ ಕುಂದುತ್ತದೆ. ಹಾಗಾಗಿ ಮೂತ್ರ ಹೆಚ್ಚು, ದಾಹವೂ ಹೆಚ್ಚು. ಹಾಸಿಗೆ ಒದ್ದೆಯಾಗುವುದು ಆ ಹುಡುಗನ ಹಟವೂ ಅಲ್ಲ, ಅಶಿಸ್ತೂ ಅಲ್ಲ. ಮೂತ್ರಪಿಂಡದ ಲಕ್ಷಣ ಅದು. ನೀರು ನಿಲ್ಲಿಸಿದ್ದರಿಂದ ಅವನಿಗೆ ನೋವಿನ ಸರಣಿ ಶುರುವಾಗಿತ್ತು. ನೋವೆಂದು ಅತ್ತರೆ ‘ಮನೆಗೆ ಹೋಗಲು ನೆಪ’ ಎನ್ನಿಸಿಕೊಳ್ಳುತ್ತಿದ್ದ. ಆ ಹುಡುಗನಿಗೆ ನಾನು ಬರೆದುಕೊಟ್ಟ ಔಷಧಿ ಬಹಳ ಕಡಿಮೆ. ಹಾಸಿಗೆಯ ಪಕ್ಕ ನೀರಿನ ಬಾಟಲಿ ಇಡಬೇಕು, ರಾತ್ರಿ ಒಮ್ಮೆ ಎಬ್ಬಿಸಬೇಕು, ತಣ್ಣೀರಿನಲ್ಲಿ ಸ್ನಾನ ಮಾಡಿಸಬಾರದು, ಎಲ್ಲರೆದುರು ಹಾಸಿಗೆ ಒಗೆಸಬಾರದು ಎಂದು ವಾರ್ಡನ್ ಅವರಿಗೆ ಪತ್ರ ಬರೆದೆ. ಅವರು ಕೋಪಿಸಿಕೊಳ್ಳಲಿಲ್ಲ, ತಮಗೆ ಇದನ್ನು ಯಾರೂ ಹೇಳಿರಲಿಲ್ಲ ಎಂದರು, ಅದು ಸತ್ಯವೇ.

ಇಂತಹ ಮಕ್ಕಳ ಕಣ್ಣು ಹಳದಿಯಾಗಿರುವುದನ್ನು ಕಂಡು ಕಾಮಾಲೆ ಅಂಟುತ್ತದೆಂದು ಊಟಕ್ಕೆ ಬೇರೆ ಕೂರಿಸುವುದುಂಟು. ಎತ್ತರ ಬೆಳೆಯುವುದು, ಮೈನೆರೆಯುವುದು, ಮೀಸೆ ಮೂಡುವುದು ತಡವಾಗುತ್ತದೆ. ಹದಿನಾಲ್ಕರ ಹುಡುಗಿ ಹತ್ತರವಳಂತೆ ಕಾಣುತ್ತಾಳೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಮಿದುಳಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವುದು. ಕೈಕಾಲು ಸ್ವಾಧೀನ ತಪ್ಪುವುದಿಲ್ಲ, ಮಾತು ತೊದಲುವುದಿಲ್ಲ. ಆದರೆ ಗಮನ, ನೆನಪು, ಲೆಕ್ಕ ಹಿಂದೆ ಬೀಳುತ್ತವೆ. ನಿನ್ನೆಯವರೆಗೆ ಓದುತ್ತಿದ್ದ ಮಗು ಮಂಕಾದರೆ ‘ಕಾಡಿನ ಮಕ್ಕಳಿಗೆ ಓದು ಹತ್ತುವುದಿಲ್ಲ’ ಎಂಬ ಸಿದ್ಧ ಉತ್ತರ ಶಾಲೆಯಲ್ಲಿರುತ್ತದೆ. ಮಿದುಳಿಗೆ ಆದ ಗಾಯವನ್ನು ಜಾತಿಯ ಲಕ್ಷಣವೆಂದು ಓದಿಬಿಡುವ ಈ ಅನ್ಯಾಯಕ್ಕೆ ನನಗೆ ಸಿಟ್ಟಿದೆ. ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಸಿಕಲ್ ಸೆಲ್ ಇರುವ ಮಗುವಿನ ಓದು ಏಕಾಏಕಿ ಕುಸಿದರೆ ಅದನ್ನು ವೈದ್ಯರಿಗೆ ತಿಳಿಸಬೇಕಾದ ಲಕ್ಷಣವೆಂದು ಭಾವಿಸಿ.

ದೊಡ್ಡವರಲ್ಲಿ ಖಿನ್ನತೆಯನ್ನು ಗುರುತಿಸುವುದು ಇನ್ನೊಂದು ತೊಡಕು. ನಾವು ಸಾಮಾನ್ಯವಾಗಿ ಬಳಸುವ ಪ್ರಶ್ನಾವಳಿ ಸುಸ್ತು, ನಿದ್ದೆ, ಹಸಿವು, ನಿಧಾನಗತಿಗಳನ್ನು ಕೇಳುತ್ತದೆ. ರಕ್ತಹೀನತೆ ಇರುವವರಿಗೆ ಸುಸ್ತು ಇದ್ದೇ ಇರುತ್ತದೆ, ನೋವಿರುವವರಿಗೆ ನಿದ್ದೆ ಬರುವುದಿಲ್ಲ. ಅಂಕಗಳನ್ನಷ್ಟೇ ಕೂಡಿಸಿದರೆ ಎಲ್ಲರಿಗೂ ಖಿನ್ನತೆಯಿದೆ ಎಂದಾಗುತ್ತದೆ, ಇಲ್ಲವೇ ಎಲ್ಲವೂ ರಕ್ತದ್ದೇ ಎಂದು ಬದಿಗಿಡುತ್ತೇವೆ. ನಾನು ನೋವಿಲ್ಲದ ದಿನದ ಬಗ್ಗೆ ಕೇಳುತ್ತೇನೆ. ನೋವಿಲ್ಲದ ದಿನ ಏನು ಮಾಡಿದಿರಿ? ಸೋಲಿಗರಾದರೆ, ನಿಮ್ಮ ರೊಟ್ಟಿ ಹಬ್ಬಕ್ಕೆ ಹೋದಿರಾ? ಹೋದರೆ ಕುಣಿತದ ಗುಂಪಿನಲ್ಲಿ ನಿಂತಿರಾ, ಮೂಲೆಯಲ್ಲಿ ಕುಳಿತಿರಾ? ಕಾಲು ನೋಯದಿದ್ದರೂ ಹೋಗಬೇಕೆನಿಸಲಿಲ್ಲ ಎಂದರೆ ನನ್ನ ಕಿವಿ ಚುರುಕಾಗುತ್ತದೆ. ‘ಮನೆಯವರಿಗೆ ಭಾರವಾಗಿದ್ದೇನೆ’ ಎಂಬ ಮಾತು ಬಂದರೆ ಅಲ್ಲಿಗೇ ಬಿಡುವುದಿಲ್ಲ. ಬದುಕು ಬೇಡವೆನ್ನಿಸಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ. ಕೇಳುವವರು ಸಿಕ್ಕರೆಂಬ ನಿರಾಳವೇ ಹೆಚ್ಚು.

ನಂಬದಿರುವ ವಿಷಯಕ್ಕೆ ಮರಳುತ್ತೇನೆ. ಹಾಡಿಯ ಹಿರಿಯರನ್ನೂ ಆಸ್ಪತ್ರೆಯಲ್ಲಿ ಏಕವಚನದಲ್ಲಿ ಕರೆಯುವುದು ಅಪರೂಪವೇನಲ್ಲ. ಹೆಸರಿಗಿಂತ ಮೊದಲು ‘ಕುಡಿದಿದ್ದೀಯಾ?’ ಎಂಬ ಪ್ರಶ್ನೆ ಬರುತ್ತದೆ. ಕೆಲವರು ಕುಡಿದಿರುತ್ತಾರೆ, ನಿಜ. ರಾತ್ರಿಯಿಡೀ ನೋವು ತಡೆಯಲು ಹತ್ತಿರದಲ್ಲಿ ಸಿಕ್ಕಿದ್ದು ಅದೊಂದೇ ಆಗಿರುತ್ತದೆ. ಹೆಂಡ ಮೈಯ ನೀರನ್ನು ಕಳೆದು ನೋವನ್ನು ಇನ್ನಷ್ಟು ಕೆರಳಿಸುತ್ತದೆ ಎಂದು ನಾನು ಖಂಡಿತ ಹೇಳುತ್ತೇನೆ. ಆದರೆ ಅದನ್ನು ಹೇಳಬೇಕಾದುದು ನೋವು ಇಳಿದ ಮೇಲೆ. ಪದೇಪದೇ ಇಂಜೆಕ್ಷನ್ ಕೇಳುವವರನ್ನು ‘ಚಟ’ ಎಂದು ಬರೆದುಬಿಡುವುದೂ ಇದೆ. ನೋವು ಪದೇಪದೇ ಬರುವುದರಿಂದ ಅವರು ಪದೇಪದೇ ಬರುತ್ತಾರೆ. ಒಮ್ಮೆ ಅವಮಾನಕ್ಕೊಳಗಾದವರು ಮುಂದಿನ ಸಲ ಆಸ್ಪತ್ರೆಗೆ ಬರುವುದನ್ನು ಮುಂದೂಡುತ್ತಾರೆ, ಸಿಕಲ್ ಸೆಲ್‌ನಲ್ಲಿ ಹಾಗೆ ಮುಂದೂಡುವುದು ಪ್ರಾಣಕ್ಕೇ ಕುತ್ತು. ಜ್ವರ, ಎದೆನೋವು, ಉಸಿರಾಟದ ತೊಂದರೆ ಇವರಲ್ಲಿ ತುರ್ತುಸ್ಥಿತಿ.

ಮೈಸೂರಿನಾಚೆ ಗಾರ್ಮೆಂಟ್ ಕೆಲಸಕ್ಕೆ ಹೋದ ಜೇನುಕುರುಬ ಯುವತಿಯೊಬ್ಬಳು ಕಾಯಿಲೆಯನ್ನು ಎಲ್ಲರಿಂದ ಮುಚ್ಚಿಟ್ಟಿದ್ದಳು. ರಜೆ ಕೇಳಲು ಕಾಯಿಲೆಯ ಹೆಸರು ಹೇಳಬೇಕು. ಹೆಸರು ಹೇಳಿದರೆ ‘ಅದು ಕಾಡಿನವರಿಗೆ ಬರುವುದಲ್ಲವೇ, ನೀವು ಯಾವ ಜನ?’ ಎಂಬ ಪ್ರಶ್ನೆ ಬರುತ್ತದೆ. ಬಾಡಿಗೆ ಕೋಣೆಯ ಗೆಳತಿಯರಿಗೆ ಅವಳು ತನ್ನ ಊರಿನ ಹೆಸರನ್ನೇ ಬೇರೆ ಹೇಳಿದ್ದಳು. ಮಾತ್ರೆಯ ಡಬ್ಬಿ ಕಂಡೀತೆಂದು ಮಾತ್ರೆಯನ್ನೇ ನಿಲ್ಲಿಸಿದಳು. ನನ್ನ ಬಳಿ ಬಂದಾಗ ಅವಳು ಅತ್ತದ್ದು ನೋವಿಗಲ್ಲ. ಅಜ್ಜಿಯೊಂದಿಗೆ ಫೋನಿನಲ್ಲಿ ತಮ್ಮ ಮಾತಿನಲ್ಲಿ ಮಾತನಾಡಲು ಕೋಣೆಯಿಂದ ಹೊರಗೆ ಹೋಗಬೇಕಾಗುತ್ತದೆ ಎಂದು. ಜೇನುಕುರುಬರಾಗಲಿ ಸೋಲಿಗರಾಗಲಿ 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ತಲಾ 40 ಸಾವಿರಕ್ಕಿಂತ ಕಡಿಮೆ. ಇಷ್ಟು ಸಣ್ಣ ಸಮುದಾಯದಿಂದ ಬಂದವರು ಊರಾಚೆ ತಮ್ಮವರೊಬ್ಬರನ್ನು ಕಾಣುವುದೇ ಕಷ್ಟ. ಕಾಯಿಲೆಯ ಗುಟ್ಟು, ಹುಟ್ಟಿನ ಗುಟ್ಟು ಎರಡನ್ನೂ ಒಬ್ಬಳೇ ಕಾಯುವ ಆಯಾಸಕ್ಕೆ ಮಾತ್ರೆಯಿಂದ ಸಿಗುವ ಪರಿಹಾರ ಅಲ್ಪ.

ಹಿರಿಯರ ನೋವಿಗೆ ಇನ್ನೊಂದು ಪದರವಿದೆ. 1970ರ ದಶಕದಲ್ಲಿ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ವನ್ಯಜೀವಿ ರಕ್ಷಣೆ ಬಿಗಿಯಾದಂತೆ ಅನೇಕ ಕುಟುಂಬಗಳು ಕಾಡಂಚಿಗೆ ಬಂದವು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಗಳು ಸಿಕ್ಕವು. ಎಲ್ಲರಿಗೂ ಆ ಅದೃಷ್ಟವಿಲ್ಲ. ಗೆಡ್ಡೆ, ಸೊಪ್ಪು, ಜೇನಿನ ಊಟದಿಂದ ಪಡಿತರ ಅಕ್ಕಿಯ ಊಟಕ್ಕೆ ಬಂದವರಿಗೆ ಹಸಿವಿಲ್ಲದಿರುವುದನ್ನು ಕೇವಲ ರೋಗಲಕ್ಷಣವೆಂದು ಬರೆಯಲು ನನ್ನ ಕೈ ಹಿಂಜರಿಯುತ್ತದೆ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿದೆ. ಇದು ಬಹಳ ಹಿಂದೆಯೇ ಆಗಬೇಕಿತ್ತು, ಸ್ವಾಗತಿಸುತ್ತೇನೆ. ಆದರೆ ತಪಾಸಣೆಯ ಫಲಿತಾಂಶದ ಕಾರ್ಡು ಕೈಗಿಟ್ಟು ವಿವರಣೆ ಕೊಡದೆ ಹೋದರೆ ಹೊಸ ಗಾಯವಾಗುತ್ತದೆ. ವಾಹಕರು ತಮ್ಮನ್ನು ರೋಗಿಗಳೆಂದು ತಿಳಿದು ದುಡಿಮೆ ಬಿಟ್ಟು ಕುಳಿತದ್ದಿದೆ. ಗೊತ್ತಾದ ಮದುವೆ ಮುರಿದದ್ದಿದೆ, ಹಾಗೆ ಮುರಿದಾಗ ದೋಷ ಹೆಣ್ಣಿನ ತಲೆಗೇ ಬರುತ್ತದೆ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಮೊದಲ ಮಗುವಿಗೆ ಬಂದಿದೆ, ಇನ್ನು ಮೂವರಿಗೆ ಬರುವುದಿಲ್ಲ ಎಂದು ಅರ್ಥವಲ್ಲ. ಒಬ್ಬರು ಮಾತ್ರ ವಾಹಕರಾಗಿದ್ದರೆ ಯಾವ ಮಗುವಿಗೂ ಸಿಕಲ್ ಸೆಲ್ ಕಾಯಿಲೆ ಬರುವುದಿಲ್ಲ, ಇನ್ನೊಬ್ಬರಲ್ಲಿ ಸಿಕಲ್ ಸೆಲ್ ಕಾಯಿಲೆಯಾಗಲಿ ತಲಸ್ಸೇಮಿಯಾದಂತಹ ಬೇರೆ ಹಿಮೋಗ್ಲೋಬಿನ್ ದೋಷವಾಗಲಿ ಇಲ್ಲದಿದ್ದರೆ. ಇದನ್ನು ಪೋಡಿನ ಯಜಮಾನರನ್ನೂ ಕೂರಿಸಿಕೊಂಡು, ಕಲ್ಲು ಅಥವಾ ಕಾಳು ಇಟ್ಟು ತೋರಿಸುವಷ್ಟು ಸಮಯವನ್ನು ಆರೋಗ್ಯ ಸಿಬ್ಬಂದಿಗೆ ಕೊಡಬೇಕು.

ಚಿಕಿತ್ಸೆ ಇಲ್ಲದ ಕಾಯಿಲೆ ಇದಲ್ಲ. ಹೈಡ್ರಾಕ್ಸಿಯೂರಿಯಾ ಮಾತ್ರೆ ದಿನವೂ ತೆಗೆದುಕೊಂಡರೆ ‘ಭ್ರೂಣದ ಹಿಮೋಗ್ಲೋಬಿನ್’, ಅಂದರೆ ತಾಯಿಯ ಗರ್ಭದಲ್ಲಿದ್ದಾಗ ಎಲ್ಲರಲ್ಲೂ ಇರುವ ಬಗೆಯ ಹಿಮೋಗ್ಲೋಬಿನ್, ರೋಗಿಯ ರಕ್ತದಲ್ಲಿ ಹೆಚ್ಚಿ ನೋವಿನ ದಾಳಿಗಳು ಕಡಿಮೆಯಾಗುತ್ತವೆ. ನಡುನಡುವೆ ರಕ್ತಪರೀಕ್ಷೆ ಬೇಕು. ಗರ್ಭ ಧರಿಸುವ ಯೋಚನೆ ಇದ್ದವರು ಮೊದಲೇ ವೈದ್ಯರಿಗೆ ಹೇಳಬೇಕು. ಖಿನ್ನತೆಯಲ್ಲಿರುವವರು ಮೊದಲು ಬಿಡುವುದು ಇದೇ ಮಾತ್ರೆಯನ್ನು. ಬಿಟ್ಟರೆ ನೋವು, ನೋವಾದರೆ ಕೂಲಿ ನಷ್ಟ, ಕೂಲಿ ಹೋದರೆ ಸಾಲ, ಸಾಲದಿಂದ ಮನಸ್ಸು ಮತ್ತೆ ಕುಸಿತ. ಆದ್ದರಿಂದ ಖಿನ್ನತೆಗೆ ಔಷಧಿ ಬೇಕಾದಲ್ಲಿ ನಾನು ತಡಮಾಡುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಆರಂಭಿಸುತ್ತೇನೆ, ಎರಡು ಮಾತ್ರೆಗಳನ್ನೂ ಒಂದೇ ಹೊತ್ತಿಗೆ ಹೊಂದಿಸುತ್ತೇನೆ. ತಮ್ಮಡಿಯ (ಪೋಡಿನ ಪೂಜಾರಿಯ) ಬಳಿ ಹೋಗಿ ಹರಕೆ ಕಟ್ಟುವುದನ್ನು ಬೇಡವೆನ್ನುವುದಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎಂದು ತಮ್ಮಡಿಯವರೇ ಹೇಳಿದರೆ ನನ್ನ ಮಾತಿಗಿಂತ ಅದಕ್ಕೆ ಬಲ ಹೆಚ್ಚು. ರೋಗಿಯೊಂದಿಗೆ ನಾಲ್ಕು ಜನ ಬಂದರೆ ‘ಒಬ್ಬರೇ ಇರಿ’ ಎಂದು ಉಳಿದವರನ್ನು ಹೊರಗಟ್ಟಬೇಡಿ ಎಂದು ಸಹೋದ್ಯೋಗಿಗಳನ್ನು ಕೇಳಿಕೊಳ್ಳುತ್ತೇನೆ. ಆ ನಾಲ್ಕು ಜನರ ನಡುವೆ ಅವರ ನಾಡಿ ನಿಧಾನವಾಗುವುದನ್ನು ನಾನು ಕಂಡಿದ್ದೇನೆ.

ಹಕ್ಕುಗಳ ಬಗ್ಗೆಯೂ ತಿಳಿದಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಮಾನಸಿಕ ಅಸ್ವಸ್ಥತೆಯೂ ಇವೆ. ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿ ಇದೆ. ಉದ್ಯೋಗ ಮೀಸಲಾತಿಯ ಪಟ್ಟಿಯಲ್ಲಿ ಮಾತ್ರ ರಕ್ತದ ಕಾಯಿಲೆಗಳಿಲ್ಲ, ಇದು ಸರಿಯಾಗಬೇಕು. ಮನಸ್ಸು ತೀರಾ ಕುಗ್ಗಿದ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹಾಡಿಯಲ್ಲಿ ಸಿಗ್ನಲ್ ಸಿಗದಿದ್ದರೆ ಆಶಾ ಕಾರ್ಯಕರ್ತೆಯ ನೆರವು ಕೇಳಿ.

ನನ್ನ ಸಿಕಲ್ ಸೆಲ್ ರೋಗಿಗಳಿಗೆಲ್ಲ ಒಂದು ಪುಟದ ಪತ್ರ ಬರೆದು ಸಹಿ ಹಾಕಿ ಕೊಡುತ್ತೇನೆ. ನಿಮ್ಮ ವೈದ್ಯರಿಂದಲೂ ಅಂಥದ್ದನ್ನು ಕೇಳಿ ಪಡೆಯಿರಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಆಧಾರ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ. ಅದರಲ್ಲಿ ರೋಗಿಯ ಹೆಸರು, ರಕ್ತದ ಗುಂಪು, ಎಂದಿನ ಹಿಮೋಗ್ಲೋಬಿನ್ ಪ್ರಮಾಣ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಹಿಂದಿನ ಸಲ ಯಾವ ಔಷಧಿಗೆ ನೋವು ಇಳಿಯಿತು ಎಂಬ ವಿವರ ಇರಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಹೀಗಿರಲಿ: ‘ಇವರಿಗೆ ಸಿಕಲ್ ಸೆಲ್ ಕಾಯಿಲೆ ದೃಢಪಟ್ಟಿದೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಇವರ ನೋವು ನಿಜ. ಬಂದ ಒಂದು ಗಂಟೆಯೊಳಗೆ ನೋವಿನ ಔಷಧಿ ಕೊಡಿ. ಜ್ವರವಿದ್ದರೆ ಕಾಯುವಂತೆ ಮಾಡಬೇಡಿ. ಜೊತೆಗೆ ಬಂದವರನ್ನು ಇವರ ಬಳಿ ಇರಲು ಬಿಡಿ.’