ಹಿಲ್ಸ್‌ಬರೋದಲ್ಲಿ ಗೇಟು ಮುರಿದವರು ಯಾರು?

ಪ್ರಶ್ನೆ: ಇಂಗ್ಲೆಂಡಿನ ಉಕ್ಕಿನ ಊರುಗಳ ಫುಟ್ಬಾಲ್ ಅಭಿಮಾನಿಗಳೆಂದರೆ ಪುಂಡರು ಅಂತಲೇ ಹೆಸರು. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ ಅಷ್ಟು ಜನ ಸತ್ತದ್ದೂ ಕುಡಿದವರು ಗೇಟು ಮುರಿದು ನುಗ್ಗಿದ್ದರಿಂದ ತಾನೇ?

ಉತ್ತರ: ಅಲ್ಲ. ಗೇಟನ್ನು ಯಾರೂ ಮುರಿಯಲಿಲ್ಲ. ಪೊಲೀಸರೇ ತೆಗೆಸಿದರು. ಇದನ್ನು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಅಂಗಿ ಬದಲಿಸಿಕೊಂಡು ಮತ್ತೆ ಬರುತ್ತದೆ.

ಮೈದಾನ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಿನದು, ಸತ್ತ 97 ಮಂದಿ ಲಿವರ್‌ಪೂಲ್ ಅಭಿಮಾನಿಗಳು. ಏಪ್ರಿಲ್ 15, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಎಫ್‌ಎ ಕಪ್ ಸೆಮಿಫೈನಲ್. ಆ ಕಾಲದಲ್ಲಿ ಪುಂಡಾಟ ಇತ್ತು, ಇರಲಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಅದಕ್ಕೆ ಹೆದರಿಯೇ ಪ್ರೇಕ್ಷಕರ ಮುಂದೆ ಉಕ್ಕಿನ ಬೇಲಿ ಹಾಕಿದ್ದರು.

ಈಗ ಲೆಕ್ಕಕ್ಕೆ ಬನ್ನಿ. ಲಿವರ್‌ಪೂಲಿನವರಿಗೆ ಕೊಟ್ಟಿದ್ದ ಲೆಪಿಂಗ್ಸ್ ಲೇನ್ ಬದಿಯಲ್ಲಿ ನಿಂತು ನೋಡುವವರ ಟಿಕೆಟ್ 10,100. ಅವರಿಗಿದ್ದ ತಿರುಗುಗೇಟು ಏಳು. ಒಂದರಲ್ಲಿ ಗಂಟೆಗೆ 750 ಜನ ಹೋದರೂ, ಒಂದು ನಿಮಿಷ ತಡೆಯಿಲ್ಲದೆ, ಎಲ್ಲರೂ ಒಳಗಾಗಲು ಸುಮಾರು ಎರಡು ಗಂಟೆ ಬೇಕು. ಹೆಚ್ಚಿನವರು ಬಂದದ್ದು ಆಟ ಶುರುವಾಗುವ ಮೂರು ಗಂಟೆಗೆ ಸ್ವಲ್ಪ ಮುಂಚೆ. ಹೊರಗೆ ಉಸಿರುಕಟ್ಟುವ ಒತ್ತಡವಾಯಿತು. 2:52ಕ್ಕೆ ಅಂದಿನ ಪೊಲೀಸ್ ಬಂದೋಬಸ್ತಿನ ಮುಖ್ಯಸ್ಥ ಡೇವಿಡ್ ಡಕನ್‌ಫೀಲ್ಡ್ ಗೇಟ್ ಸಿ ತೆಗೆಯಲು ಆದೇಶ ಕೊಟ್ಟರು. ಐದೇ ನಿಮಿಷದಲ್ಲಿ ಎರಡು ಸಾವಿರದಷ್ಟು ಜನ ಒಳಗೆ. ಎದುರಿಗೇ ಕಂಡದ್ದು ಇಳಿಜಾರಿನ ಸುರಂಗ. ಅದು ಕೊನೆಗೊಳ್ಳುವುದು ಆಗಲೇ ತುಂಬಿದ್ದ 3 ಮತ್ತು 4ನೇ ಕಟಕಟೆಗಳಲ್ಲಿ, ಅಂದರೆ ಬೇಲಿ ಹಾಕಿ ವಿಂಗಡಿಸಿದ ನಿಲ್ಲುವ ಜಾಗಗಳಲ್ಲಿ. ಪಕ್ಕದ ಕಟಕಟೆಗಳಲ್ಲಿ ಜಾಗ ಇತ್ತು! 1988ರಲ್ಲಿ ಇದೇ ಎರಡು ತಂಡ, ಇದೇ ಮೈದಾನ. ಆಗ ಪೊಲೀಸರು ಸುರಂಗವನ್ನು ಮುಚ್ಚಿ ಜನರನ್ನು ಪಕ್ಕಕ್ಕೆ ಕಳಿಸಿದ್ದರು. ಈ ಸಲ ಯಾರೂ ಮುಚ್ಚಲಿಲ್ಲ. ಹಿಂದಿನವರಿಗೆ ಮುಂದೇನಾಗುತ್ತಿದೆ ಎಂದು ಕಾಣುವುದಿಲ್ಲ. ಮುಂದಿನವರು ಬೇಲಿಗೆ ಒತ್ತಿ, ಎದೆ ಹಿಗ್ಗದೆ, ನಿಂತಲ್ಲೇ ಸತ್ತರು. 3:06ಕ್ಕೆ ಆಟ ನಿಂತಿತು.

ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತಾಗಲೂ ‘ಜನಕ್ಕೆ ಬುದ್ಧಿ ಬೇಡವೇ’ ಎಂದವರಿದ್ದರಲ್ಲ, ಅದೇ ರಾಗ.

ಅಭಿಮಾನಿಗಳೇ ಗೇಟು ಒಡೆದರೆಂಬ ಸುಳ್ಳನ್ನು ಅಂದೇ ಹೇಳಿದವರು ಡಕನ್‌ಫೀಲ್ಡ್. 2015ರಲ್ಲಿ, ಸಾವುಗಳ ಕಾರಣ ತಿಳಿಯಲು ಜ್ಯೂರಿ ಮುಂದೆ ನಡೆದ ವಿಚಾರಣೆಯಲ್ಲಿ, ಒಪ್ಪಿಕೊಂಡರು. ಕುಡಿತದ ಕಥೆಗೆ ಆಧಾರ ಹುಡುಕಲು ಸತ್ತ ಮಕ್ಕಳ ರಕ್ತವನ್ನೂ ಪರೀಕ್ಷಿಸಿದರು. 1989ರ ಆಗಸ್ಟಿನಲ್ಲೇ ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ವರದಿ, ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದಿತ್ತು. 164 ಪೊಲೀಸ್ ಹೇಳಿಕೆಗಳನ್ನು ತಿದ್ದಲಾಗಿದೆ ಎಂದು 2012ರಲ್ಲಿ ಸ್ವತಂತ್ರ ಸಮಿತಿ ತೋರಿಸಿತು. 2016ರ ಏಪ್ರಿಲ್‌ನಲ್ಲಿ ಆ ವಿಚಾರಣೆಯ ಜ್ಯೂರಿ ಅಭಿಮಾನಿಗಳದ್ದು ಯಾವ ತಪ್ಪೂ ಇಲ್ಲವೆಂದಿತು. ಇನ್ನೇನು ಬೇಕು? (2019ರಲ್ಲಿ ಡಕನ್‌ಫೀಲ್ಡ್ ಖುಲಾಸೆಯಾದರು ಎಂದು ಬರೆಯುವವರಿಗೆ: ಅದು ಒಬ್ಬರ ಮೇಲಿನ ಕ್ರಿಮಿನಲ್ ಮೊಕದ್ದಮೆ. ಅಭಿಮಾನಿಗಳ ಬಗೆಗಿನ ತೀರ್ಮಾನ ಅದರಿಂದ ಬದಲಾಗಲಿಲ್ಲ.)

ಹಾಗಾದರೆ ನಿಂತು ನೋಡುವುದೇ ಅಪಾಯವೇ? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಇಂಗ್ಲೆಂಡು ಮೇಲಿನ ಎರಡು ವಿಭಾಗಗಳಲ್ಲಿ ಎಲ್ಲರನ್ನೂ ಕುರ್ಚಿಗೆ ಕೂರಿಸಿತು. ಇನ್ನೊಂದು ಹಳೆಯ ಉಕ್ಕಿನೂರು ಜರ್ಮನಿಯ ಡಾರ್ಟ್‌ಮುಂಡ್ ನೋಡಿ: ಅಲ್ಲಿ ಫೀನಿಕ್ಸ್ ಉಕ್ಕಿನ ಕಾರ್ಖಾನೆ ಮುಚ್ಚಿ, ಜಾಗದಲ್ಲಿ ಕೆರೆ ಬಂದಿದೆ, ಆದರೆ ಕ್ರೀಡಾಂಗಣದ ದಕ್ಷಿಣದ ಬದಿಯಲ್ಲಿ ಲೀಗ್ ಪಂದ್ಯಗಳಲ್ಲಿ ಇವತ್ತಿಗೂ ಸುಮಾರು 25 ಸಾವಿರ ಜನ ನಿಂತೇ ನೋಡುತ್ತಾರೆ. ಅಡ್ಡಕಂಬಿಗಳು ಒತ್ತಡವನ್ನು ಅಲ್ಲಲ್ಲೇ ತಡೆಯುತ್ತವೆ. ಇಂಗ್ಲೆಂಡಿನಲ್ಲೂ 2022ರಿಂದ ಕಂಬಿ ಇರುವ ಸೀಟುಗಳ ಮುಂದೆ ನಿಲ್ಲಲು ಅನುಮತಿ ಇದೆ, ಒಂದು ಸೀಟಿಗೆ ಒಬ್ಬರಂತೆ.