ಪುಟ್ಟ ವಿಮಾನಗಳಲ್ಲಿ ಉಳಿದ ಸೀಸ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ತಗ್ಗಿ ಬರುವ ಪ್ರಯಾಣಿಕ ವಿಮಾನಗಳ ಮೇಲೆ ಸದ್ದಿನ ದೂರು ಹೇಳಬಹುದು, ಸೀಸದ ದೂರು ಹೇಳಲಾಗದು. ಅವು ಸುಡುವುದು ಸೀಮೆಎಣ್ಣೆಯ ಜಾತಿಯ ಇಂಧನವನ್ನು. ಅದಕ್ಕೆ ಸೀಸ ಬೆರೆಸುವುದಿಲ್ಲ. ಸೀಸ ಉಳಿದಿರುವುದು ಹಾರಾಟ ಕಲಿಯುವವರು ಏರುವಂಥ ಪುಟ್ಟ ಪಿಸ್ಟನ್ ಎಂಜಿನ್ ವಿಮಾನಗಳಲ್ಲಿ. ಅವುಗಳ ‘100 ಎಲ್‌ಎಲ್’ (‘ಲೋ ಲೆಡ್’, ಅಂದರೆ ಕಡಿಮೆ ಸೀಸದ) ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಗಂಟೆಗೆ 35 ಲೀಟರು ಸುಟ್ಟರೆ ಸುಮಾರು 20 ಗ್ರಾಂ. ಅದರ ಹೆಚ್ಚಿನ ಪಾಲು ಹೊಗೆಯೊಂದಿಗೆ ಹೊರಬೀಳುತ್ತದೆ.

ಚೆನ್ನಮ್ಮ ವೃತ್ತದ ಸ್ಕೂಟರುಗಳೂ ಒಂದು ಕಾಲಕ್ಕೆ ಸೀಸ ಉಗುಳುತ್ತಿದ್ದವು. 2000ದಲ್ಲಿ ದೇಶದ ಬಂಕುಗಳಲ್ಲಿ ಅದು ನಿಂತಿತು. ವಿಮಾನಗಳಿಗೆ ಮಾತ್ರ ಏಕೆ ವಿನಾಯಿತಿ?

ಸಿಲಿಂಡರಿನಲ್ಲಿ ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ಒತ್ತಡ, ಕಾವು ತಾಳದೆ ತಾನಾಗಿ ಸಿಡಿಯುವುದುಂಟು. ಗ್ಯಾರೇಜಿನವರು ನಾಕಿಂಗ್ ಎನ್ನುವುದು ಇದನ್ನೇ. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಇದನ್ನು ತಡೆಯುತ್ತದೆ ಎಂದು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಕೊಂಡ. ಕಾರು ಕುಟ್ಟತೊಡಗಿದರೆ ನವನಗರದಲ್ಲಿ ರಸ್ತೆಯ ಬದಿಗೆ ನಿಲ್ಲಿಸಬಹುದು; ಪಿಸ್ಟನ್ ತೂತಾದ ವಿಮಾನಕ್ಕೆ ಆಕಾಶದಲ್ಲಿ ಬದಿ ಎಲ್ಲಿದೆ? ಗಾಳಿಯಿಂದಲೇ ತಣಿಯಬೇಕಾದ, ಹೆಚ್ಚು ಒತ್ತಡದ ದೊಡ್ಡ ಎಂಜಿನ್ನುಗಳಿಗೆ ಈ ಭಯ ಹೆಚ್ಚು. ಅಂಥವು ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಇಂಧನದ ದೊಡ್ಡ ಪಾಲನ್ನು ಕುಡಿಯುತ್ತವೆ. ಚಿಕ್ಕ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ವಿಮಾನ ಪೆಟ್ರೋಲಿಗೆ ಇರುವುದು ಒಂದೇ ಟ್ಯಾಂಕು. ಹೀಗಾಗಿ ಸೀಸ ಬೇಡದ ಎಂಜಿನ್ನೂ ಅದನ್ನೇ ಸುಡುತ್ತದೆ.

ಸೀಸವನ್ನು 0.45 ಗ್ರಾಂಗೆ ಇಳಿಸಿದ ದರ್ಜೆಯೊಂದೂ ಇದೆ. ನನಗೆ ಅದು ಅರೆಮನಸ್ಸಿನ ಕೆಲಸ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲದಿರುವಾಗ ಐದರಲ್ಲೊಂದು ಪಾಲು ಕಳೆದು ಕೈತೊಳೆದುಕೊಳ್ಳುವುದು ಹೇಗೆ?

ಪೂರ್ತಿ ಬಿಡುವುದೂ ಸಲೀಸಲ್ಲ. ಸೀಸರಹಿತ ‘ಜಿ100ಯುಎಲ್’ಗೆ ಅಮೆರಿಕ 2022ರಲ್ಲಿ ವ್ಯಾಪಕ ಒಪ್ಪಿಗೆ ಕೊಟ್ಟಿತು, ಆಮೇಲೆ ಕೆಲವು ವಿಮಾನಗಳ ಬಣ್ಣ ಕಿತ್ತುಬಂದ, ಟ್ಯಾಂಕು ಸೋರಿದ ದೂರುಗಳು ಬಂದವು. ನಾರ್ತ್ ಡಕೋಟಾ ವಿಶ್ವವಿದ್ಯಾಲಯ 2023ರಲ್ಲಿ ತನ್ನ ತರಬೇತಿ ವಿಮಾನಗಳಿಗೆ ಸೀಸವಿಲ್ಲದ 94 ಆಕ್ಟೇನ್ ಪೆಟ್ರೋಲು ತುಂಬಿಸಿತು (ಆಕ್ಟೇನ್ ಎಂದರೆ ಇಂಧನ ನಾಕಿಂಗ್ ತಡೆಯುವ ಶಕ್ತಿಯ ಅಳತೆ). ನಾಕಿಂಗ್ ಕಾಡಲಿಲ್ಲ, ಆದರೆ ಹೊಗೆ ಬಿಡುವ ವಾಲ್ವುಗಳು ಮುಚ್ಚಿದಾಗ ಕೂರುವ ಅಂಚು ಸವೆಯತೊಡಗಿತು. ಸೀಸದ ತೆಳು ಲೇಪ ಅಲ್ಲಿ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಕೆಲವೇ ತಿಂಗಳಲ್ಲಿ ವಿಶ್ವವಿದ್ಯಾಲಯ ಹಳೆಯ ಪೆಟ್ರೋಲಿಗೇ ಮರಳಿತು.

ನಮ್ಮಲ್ಲಿ ಇಂಡಿಯನ್ ಆಯಿಲ್ 2022ರಿಂದ ವಡೋದರಾದಲ್ಲಿ ವಿಮಾನ ಪೆಟ್ರೋಲು ತಯಾರಿಸುತ್ತಿದೆ. ಆಮದು ತಪ್ಪಿಸುವ ಒಳ್ಳೆಯ ಹೆಜ್ಜೆಯೇನೋ ಸರಿ. ದರ್ಜೆ ಮಾತ್ರ ಅದೇ 100 ಎಲ್‌ಎಲ್.