ಸಿಗರೇಟು ಸೇದದವರ ಶ್ವಾಸಕೋಶದ ಕ್ಯಾನ್ಸರ್, ಮತ್ತು ‘ಆ ಮಾತ್ರೆ’

“ಇವರು ಬೀಡಿ ಸಿಗರೇಟು ಮುಟ್ಟಿದವರೇ ಅಲ್ಲ ಡಾಕ್ಟ್ರೇ, ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬಂತು?” ಒಪಿಡಿಯಲ್ಲಿ ಇದು ಮಾಮೂಲಿ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು: “ಕೀಮೋ ಬೇಡ, ಅದೇನೋ ಮಾತ್ರೆ ಇದೆಯಂತಲ್ಲ, ಅದನ್ನೇ ಕೊಡಿ.” ಎರಡಕ್ಕೂ ಉತ್ತರ ಹುಡುಕುವಾಗ ನಾವು ಮೊದಲು ನೋಡುವುದು ಇಜಿಎಫ್ಆರ್ ಎಂಬ ಪ್ರೋಟೀನಿನ ಕಡೆಗೆ.

ನಮ್ಮ ಮೈಯ ಜೀವಕೋಶಗಳು ತಮಗೆ ತೋಚಿದಾಗ ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಅಪ್ಪಣೆ ಬರಬೇಕು. ಆ ಅಪ್ಪಣೆ ತರುವ ಪುಟ್ಟ ಪ್ರೋಟೀನುಗಳೇ ಗ್ರೋತ್ ಫ್ಯಾಕ್ಟರ್‌ಗಳು. ಅವುಗಳಲ್ಲಿ ಇಜಿಎಫ್ ಸಿಕ್ಕ ಕಥೆ ನನಗೆ ಬಲು ಇಷ್ಟ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರು ಇಲಿಯ ಜೊಲ್ಲು ಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದರು. ಮರಿಗಳು ದಿನ ತುಂಬುವ ಮೊದಲೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಬಂತು. ಬೇರೆಯವರಾಗಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದರೇನೋ. ಕೋಹೆನ್ ಬೆನ್ನು ಹತ್ತಿದರು, ಆ ಸಾರದಲ್ಲಿದ್ದ ಇಜಿಎಫ್ ಸಿಕ್ಕಿತು. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಜೊತೆ ನೊಬೆಲ್ ಬಂತು.

ಈ ಇಜಿಎಫ್, ಕೋಶದ ಹೊರಪೊರೆಯಲ್ಲಿ ಅದನ್ನು ಹಿಡಿಯಲೆಂದೇ ಇರುವ ಇಜಿಎಫ್ಆರ್‌ಗೆ (ಇಜಿಎಫ್ ರಿಸೆಪ್ಟರ್) ಬಂದು ಅಂಟಿದರೆ ಎರಡು ಇಜಿಎಫ್ಆರ್‌ಗಳು ಜೋಡಿಯಾಗುತ್ತವೆ. ಅವುಗಳ ಒಳಬದಿ ಚುರುಕಾಗುತ್ತದೆ. ಅಲ್ಲಿಂದ ಸುದ್ದಿ ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನುಗಳ ಸಾಲು ಹಿಡಿದು ಜೀನ್‌ಗಳವರೆಗೆ ಹೋಗುತ್ತದೆ. ಕೋಶ ಒಡೆಯಲು ಶುರು. ಪಿಐ3ಕೆ ಎಂಬ ಇನ್ನೊಂದು ದಾರಿ ಕೋಶ ಸಾಯದಂತೆ ನೋಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಇದೆಲ್ಲ ನಿಲ್ಲಬೇಕು.

ಈ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಕೋಶದಲ್ಲಿ ಅದು ನಿಲ್ಲುವುದಿಲ್ಲ. ಇಜಿಎಫ್ಆರ್ ಜೀನಿನ ಎಕ್ಸಾನ್ 19 ಎಂಬ ಭಾಗದಲ್ಲಿ ಒಂದು ತುಣುಕು ಬಿಟ್ಟುಹೋಗಿರುತ್ತದೆ, ಇಲ್ಲವೇ ಎಲ್858ಆರ್ ಎಂಬ ಚಿಕ್ಕ ಬದಲಾವಣೆ ಆಗಿರುತ್ತದೆ. ಕಾಲಿಂಗ್ ಬೆಲ್ ಗುಂಡಿ ಒಳಗೇ ಸಿಕ್ಕಿಕೊಂಡ ಹಾಗೆ: ಬಾಗಿಲಲ್ಲಿ ಯಾರೂ ಇಲ್ಲ, ಬೆಲ್ ಮಾತ್ರ ಹೊಡೆದುಕೊಳ್ಳುತ್ತಲೇ ಇರುತ್ತದೆ. ಜೀನಿನ ಈ ಬದಲಾವಣೆಗೆ, ಅಂದರೆ ಮ್ಯುಟೇಷನ್‌ಗೆ, ಹೊಗೆ ಬೇಕೇಬೇಕು ಅಂತಿಲ್ಲ. ಸೇದದವರಲ್ಲಿ, ಹೆಂಗಸರಲ್ಲಿ, ಏಷ್ಯಾದವರಲ್ಲಿ ಇದು ಜಾಸ್ತಿ. ಸಾಮಾನ್ಯವಾಗಿ ಇದು ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ. ಮಕ್ಕಳಿಗೆ ದಾಟುತ್ತದೆಂಬ ಭಯ ಬೇಡ.

ಗೆಫಿಟಿನಿಬ್, ಎರ್ಲೋಟಿನಿಬ್ ಮಾತ್ರೆಗಳು ಇಜಿಎಫ್ಆರ್‌ನ ಒಳಬದಿಗೆ ಹೋಗಿ ಕೂತು ಸುದ್ದಿಯನ್ನು ತಡೆಯುತ್ತವೆ. ಹಾಗಾದರೆ ಎಲ್ಲರಿಗೂ ಯಾಕೆ ಕೊಡಬಾರದು? 2009ರಲ್ಲಿ ಪ್ರಕಟವಾದ ಐಪಾಸ್ ಅಧ್ಯಯನ ಇದಕ್ಕೆ ಖಡಕ್ ಉತ್ತರ ಕೊಟ್ಟಿತು. ಅದರಲ್ಲಿದ್ದವರು ಏಷ್ಯಾದವರು, ಬಹುಪಾಲು ಸಿಗರೇಟು ಸೇದದವರು. ಮ್ಯುಟೇಷನ್ ಇದ್ದವರಲ್ಲಿ ಗೆಫಿಟಿನಿಬ್ ಕೀಮೋಗಿಂತ ಜಾಸ್ತಿ ಕಾಲ ಕಾಯಿಲೆಯನ್ನು ಹಿಡಿದಿಟ್ಟಿತು. ಇಲ್ಲದವರಲ್ಲಿ ಪೂರ್ತಿ ಉಲ್ಟಾ, ಕೀಮೋನೇ ಎಷ್ಟೋ ಮೇಲು. ಹಾಗಾಗಿ “ಹೆಂಗಸು, ಸೇದಿಲ್ಲ, ಇದೇ ಇರುತ್ತೆ ಬಿಡಿ” ಎಂದು ಊಹೆ ಮೇಲೆ ಮಾತ್ರೆ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ. ಮ್ಯುಟೇಷನ್ ಟೆಸ್ಟ್‌ನ ರಿಪೋರ್ಟ್ ಬರುವವರೆಗೆ ಕಾಯುವುದು ಮನೆಯವರಿಗೆ ಹಿಂಸೆ, ನಿಜ. ಆದರೂ ಸಾಧ್ಯವಾದಷ್ಟೂ ಕಾಯಬೇಕು.

ಕೆಟ್ಟಿರುವುದು ಸಾಲಿನ ಮೇಲ್ತುದಿಯೋ ನಡುವೆಯೋ ಅನ್ನುವುದೂ ಮುಖ್ಯ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ರಾಸ್ ಕೆಟ್ಟಿದ್ದರೆ, ಇಜಿಎಫ್ಆರ್ ತಡೆಯುವ ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ದಂಡ: ತಡೆ ಮೇಲ್ತುದಿಯಲ್ಲಿ, ಸುದ್ದಿ ಹೊರಡುವುದು ಅದರ ಕೆಳಗಿನಿಂದ. ಅದಕ್ಕೇ ಅಲ್ಲಿ ಮೊದಲು ರಾಸ್ ಟೆಸ್ಟ್.

ಮಾತ್ರೆ ಶುರುವಾದ ಮೇಲೆ ಮುಖ, ಎದೆ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ, ಭೇದಿಯೂ ಆಗಬಹುದು. ಚರ್ಮ ಮತ್ತು ಕರುಳಿನ ಕೋಶಗಳಿಗೂ ಇಜಿಎಫ್ಆರ್ ಬೇಕು, ಅಲ್ವಾ? ಹೆಚ್ಚಿನವರಿಗೆ ಇದು ಅಲರ್ಜಿ ಅಲ್ಲ. ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಫೋನ್ ಮಾಡಿ. ಉಸಿರಾಟದ ತೊಂದರೆ ಹೊಸದಾಗಿ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಬನ್ನಿ. ಇನ್ನೊಂದು, ಯಾರೂ ಹೇಳದ ವಿಷಯ: ಗ್ಯಾಸ್ಟ್ರಿಕ್ ಮಾತ್ರೆ. ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾದರೆ ಗೆಫಿಟಿನಿಬ್, ಎರ್ಲೋಟಿನಿಬ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೆಡಿಕಲ್ ಶಾಪಿನಿಂದ ತಂದು ದಿನಾ ನುಂಗುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಈ ಹಳೆಯ ಮಾತ್ರೆಗಳು ಸುಮಾರು ಒಂದು ವರ್ಷ ಕೆಲಸ ಮಾಡಿ ಸೋಲುವುದು ಸಾಮಾನ್ಯ. ಅಂಥ ಅರ್ಧಕ್ಕೂ ಹೆಚ್ಚು ಜನರಲ್ಲಿ ಟಿ790ಎಂ ಎಂಬ ಹೊಸ ಮ್ಯುಟೇಷನ್ ಹುಟ್ಟಿರುತ್ತದೆ. ಅದನ್ನೂ ತಡೆಯುವ ಒಸಿಮೆರ್ಟಿನಿಬ್‌ಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅದನ್ನು ಮೊದಲಿಗೇ ಕೊಡುವುದೂ ಇದೆ, ದುಡ್ಡಿನ ಲೆಕ್ಕ ಬೇರೆ. ಹಳೆಯ ಮಾತ್ರೆ ಸೋತಾಗ ನಾವು ರಕ್ತ ಪರೀಕ್ಷೆಯನ್ನೋ ಇನ್ನೊಂದು ಬಯಾಪ್ಸಿಯನ್ನೋ ಕೇಳುವುದು ಇದಕ್ಕಾಗಿಯೇ. ರಕ್ತದಲ್ಲಿ ಸಿಗಲಿಲ್ಲ ಅಂದರೆ ಮ್ಯುಟೇಷನ್ ಇಲ್ಲ ಅಂತಲ್ಲ, ಆಗ ಬಯಾಪ್ಸಿ ಬೇಕಾಗಬಹುದು. ಆಸ್ಪತ್ರೆ ಬದಲಿಸುವವರು ಮೊದಲ ಬಯಾಪ್ಸಿಯ ಮೇಣದ ಬ್ಲಾಕನ್ನೂ (ಗಡ್ಡೆಯ ತುಣುಕು ಇರುವುದು ಅದರಲ್ಲೇ) ಕೇಳಿ ತೆಗೆದುಕೊಳ್ಳಿ. ಬರೀ ರಿಪೋರ್ಟ್ ಹಾಳೆಯಿಂದ ಹೊಸ ಟೆಸ್ಟ್ ಮಾಡಲಾಗುವುದಿಲ್ಲ.